ಆಘಾತ ಕುಳಿ: ಶಿಲೆಯ ಉಷ್ಣತೆಯ ಪ್ರಭಾವ

ಉಲ್ಕೆ ಅಥವಾ ಕ್ಷುದ್ರಗ್ರಹ ಅಪ್ಪಳಿಸಿದಾಗ ಬೀಳುವ ಕುಳಿಯ ಗಾತ್ರವನ್ನು ಮುಖ್ಯವಾಗಿ ನಿರ್ಧರಿಸುವುದು ಅಪ್ಪಳಿಸಿದ ಕಾಯದ ರಾಶಿ, ವೇಗ ಮತ್ತು ನೆಲದ ಗುರುತ್ವ. ನೂರಾರು ಕಿ.ಮೀ. ಅಗಲದ ಕುಳಿಗಳಲ್ಲಿ ಅಡಿಯ ಶಿಲೆ ಮೊದಲೇ ಎಷ್ಟು ಬಿಸಿಯಾಗಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸಣ್ಣ ಕುಳಿಗಳಲ್ಲಿ ಈ ಪ್ರಭಾವ ಅತ್ಯಲ್ಪ. ಮಹಾರಾಷ್ಟ್ರದ ಲೋನಾರ್ ಕುಳಿ (ವ್ಯಾಸ ಸುಮಾರು 1.8 ಕಿ.ಮೀ.) ಲಾವಾದಿಂದಾದ ಬಸಾಲ್ಟ್‌ನಲ್ಲೇ ಇದ್ದರೂ ಇಲ್ಲಿ ಉದಾಹರಣೆಯಾಗದು, ಉಲ್ಕೆ ಬೀಳುವ ಕೋಟ್ಯಂತರ ವರ್ಷ ಮೊದಲೇ ಆ ಲಾವಾ ಆರಿತ್ತು.

ಬಲದ ಕುಸಿತ

ಕರಗುವ ಬಿಂದು ಸಮೀಪಿಸಿದಂತೆ ಶಿಲೆಯ ಬಲ ಕುಗ್ಗುತ್ತದೆ, ಆದರೆ ಒಂದೇ ಸಮನೆ ಅಲ್ಲ. ಗಣಕ ಮಾದರಿಗಳಲ್ಲಿ ರೂಢಿಯಲ್ಲಿರುವ ಸೂತ್ರದಂತೆ, ಕೆಲ್ವಿನ್ ಮಾನದಲ್ಲಿ ಕರಗುವ ಉಷ್ಣತೆಯ ಅರ್ಧಕ್ಕೆ ಕಾದ ಶಿಲೆ ತನ್ನ ಬಲದ ಐದರಲ್ಲಿ ನಾಲ್ಕು ಪಾಲನ್ನು ಉಳಿಸಿಕೊಂಡಿರುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಕಾದಾಗ ಉಳಿಯುವುದು ಏಳೆಂಟರಲ್ಲಿ ಒಂದು ಪಾಲು. ಬಿಸಿ ಶಿಲೆ ಕರಗಲು ಬೇಕಾದ ಶಕ್ತಿಯೂ ಕಡಿಮೆ.

ಪ್ರಯೋಗಗಳು

1990ರ ದಶಕದಲ್ಲಿ ಜರ್ಮನಿಯ ಲಾಂಗೆನ್‌ಹಾರ್ಸ್ಟ್ ಮತ್ತು ಡಾಯ್ಚ್ ಕ್ವಾರ್ಟ್ಜ್ ಹರಳುಗಳನ್ನು 630 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಆಘಾತ ತರಂಗಕ್ಕೆ ಒಡ್ಡಿದರು. ಕೋಣೆಯ ಉಷ್ಣತೆಯಲ್ಲಿ ಹರಳು ಪೂರ್ತಿ ಗಾಜಾಗಲು ಸುಮಾರು 35 ಗಿಗಾಪಾಸ್ಕಲ್ ಒತ್ತಡ ಬೇಕಿತ್ತು. ಕಾಯಿಸಿದ ಹರಳಿಗೆ ಸುಮಾರು 26 ಸಾಕಾಯಿತು. ಆದ್ದರಿಂದ ಆಳದ ಬಿಸಿ ಶಿಲೆಗಳ ಗುರುತುಗಳನ್ನು ತಣ್ಣನೆಯ ಹರಳಿನ ಅಳತೆಯಿಂದ ಓದಿದರೆ ಒತ್ತಡ ಹೆಚ್ಚಾಗಿ ಕಾಣುವ ಸಂಭವವಿದೆ.

ಶುಕ್ರ

ನೆಲದ ಉಷ್ಣತೆ ಸುಮಾರು 460 ಡಿಗ್ರಿ. ಹಲವು ಕುಳಿಗಳಿಂದ ದೂರಕ್ಕೆ ಹರಿದ ಹರಿವುಗಳನ್ನು ಮ್ಯಾಗೆಲನ್ ನೌಕೆಯ ರಾಡಾರ್ ತೋರಿಸಿತು. ಅವುಗಳಿಗೆ ನೆಲದ ಬಿಸಿಯೂ ಒಂದು ಕಾರಣವಿರಬಹುದು.

ಚಂದ್ರ

ಅತ್ಯಂತ ಸ್ಪಷ್ಟ ನಿದರ್ಶನ ಇಲ್ಲಿದೆ. 2012ರಲ್ಲಿ ನಾಸಾದ ಗ್ರೇಲ್ ಜೋಡಿ ನೌಕೆಗಳು ಚಂದ್ರನ ಗುರುತ್ವವನ್ನು ಅಳೆದವು. ಅದರಿಂದ ಹೊರಪದರದ ದಪ್ಪ ಎಲ್ಲೆಲ್ಲಿ ಎಷ್ಟೆಂದು ಲೆಕ್ಕಹಾಕಲಾಯಿತು. ಲಾವಾ ತುಂಬಿದ ಕುಳಿಗಳ ಅಂಚನ್ನು ಕಣ್ಣಂದಾಜಿನಿಂದ ಗುರುತಿಸುವುದು ಕಷ್ಟವಾದ್ದರಿಂದ, ಹೊರಪದರ ತೆಳುವಾದ ವಲಯದ ಅಗಲವನ್ನೇ ಅಳತೆಯಾಗಿ ಇಟ್ಟುಕೊಂಡರು. ಆ ಅಳತೆಯಲ್ಲಿ ದೊಡ್ಡ ಕುಳಿಗಳು ಭೂಮಿಗೆ ಮುಖಮಾಡಿದ ಬದಿಯಲ್ಲೇ ಹೆಚ್ಚು. ಕ್ಷುದ್ರಗ್ರಹಗಳೇನೂ ಬದಿ ನೋಡಿ ಬೀಳುವುದಿಲ್ಲ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕತಾರಿನಾ ಮಿಲ್ಕೊವಿಚ್ ಮತ್ತು ಸಂಗಡಿಗರು ಇದಕ್ಕೆ ಕೊಟ್ಟ ಕಾರಣ ಉಷ್ಣತೆ. ಈ ಬದಿಯಲ್ಲಿ ಥೋರಿಯಂ, ಯುರೇನಿಯಂ, ಪೊಟ್ಯಾಸಿಯಂ ಹೆಚ್ಚಾಗಿ ಸೇರಿಕೊಂಡಿವೆ. ಅವುಗಳ ವಿಕಿರಣದ ಬಿಸಿಯಿಂದ ಹೊರಪದರವೂ ಅದರ ಕೆಳಗಿನ ಕವಚವೂ ಆಚೆ ಬದಿಗಿಂತ ಮೆತ್ತಗಿದ್ದವು. ಆಘಾತ ತೋಡಿದ ಗುಂಡಿ ಕುಸಿಯುವಾಗ ಮೆತ್ತಗಿನ ಶಿಲೆ ಹೆಚ್ಚು ದೂರ ಸರಿಯುತ್ತದೆ. ಹೀಗಾಗಿ ಅದೇ ಗಾತ್ರ, ಅದೇ ವೇಗದ ಕಾಯ ಬಿಸಿ ಬದಿಯಲ್ಲಿ ಎರಡು ಪಟ್ಟಿನವರೆಗೂ ಅಗಲದ ಕುಳಿ ಮಾಡಬಲ್ಲದು ಎಂದು ಅವರ ಮಾದರಿ ತೋರಿಸಿತು. ಈ ಬದಿಯ ಕುಳಿಗಳ ವ್ಯಾಸವನ್ನಷ್ಟೇ ನಂಬಿ ಸೌರವ್ಯೂಹದ ಆದಿಕಾಲದ ಕ್ಷುದ್ರಗ್ರಹಗಳ ಗಾತ್ರವನ್ನು ಅಂದಾಜಿಸಿದರೆ ಅದು ಉತ್ಪ್ರೇಕ್ಷೆಯಾಗುತ್ತದೆ.