ಮಾಥೇರಾನಿನ ಕುದುರೆ ಸವಾರಿ
ಮುಂಬಯಿಗೆ ಸಮೀಪದ, ರಾಯಗಡ ಜಿಲ್ಲೆಗೆ ಸೇರಿದ ಮಾಥೇರಾನ್ ಗಿರಿಧಾಮದಲ್ಲಿ ಮಾರ್ಗದರ್ಶಕನೊಡನೆ ಕೈಗೊಳ್ಳುವ ಕಾಡುದಾರಿಯ ಪ್ರಯಾಣ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಬೆಟ್ಟವನ್ನು 1850ರಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ ಗುರುತಿಸಿದನು. ಬೆಟ್ಟದ ಬುಡದ ನೇರಳ್‌ನಿಂದ ಕಿರುರೈಲು 1907ರಲ್ಲಿ ಬಂದಿತು. ಪ್ರವಾಸಿಗರ ಮೋಟಾರು ವಾಹನಗಳು ಊರ ಹೊರಗಿನ ದಸ್ತೂರಿ ನಾಕಾದಲ್ಲೇ ನಿಲ್ಲಬೇಕಾದುದರಿಂದ ಕುದುರೆಯು ಇಲ್ಲಿ ವಿನೋದದ ಜೊತೆಗೆ ನಿತ್ಯದ ಸಾರಿಗೆಯೂ ಆಗಿದೆ.

ಘೋಡೇವಾಲಾ ಎಂದು ಕರೆಯಲ್ಪಡುವ ಕುದುರೆಯಾಳು, ಹೊಸ ಸವಾರನ ರಿಕಾಪನ್ನು, ಅಂದರೆ ಜೀನಿನಿಂದ ಇಳಿಬಿಟ್ಟ ಪಾದಾಧಾರವನ್ನು, ಅವನ ಕಾಲಳತೆಗೆ ಸರಿಪಡಿಸಿ, ಹಗ್ಗ ಹಿಡಿದು ಪಕ್ಕದಲ್ಲೇ ನಡೆಯುತ್ತಾನೆ. ಏರಿನಲ್ಲಿ ಮೈಯನ್ನು ಮುಂದಕ್ಕೂ ಇಳಿಜಾರಿನಲ್ಲಿ ತುಸು ಹಿಂದಕ್ಕೂ ಬಾಗಿಸಬೇಕು. ಪಾದವನ್ನು ರಿಕಾಪಿನೊಳಗೆ ಪೂರ್ತಿ ತೂರಿಸಿದರೆ, ಬಿದ್ದಾಗ ಕಾಲು ಸಿಕ್ಕಿಕೊಂಡು ಸವಾರನು ಎಳೆದೊಯ್ಯಲ್ಪಡುವ ಅಪಾಯವಿರುವುದರಿಂದ, ಮುಂಗಾಲನ್ನಷ್ಟೇ ಊರುವುದು ಕ್ರಮ. ಷಾರ್ಲೆಟ್ ಕೆರೆ, ಲೂಯಿಸಾ ಪಾಯಿಂಟ್ ಮೊದಲಾದೆಡೆಗೆ ಹೋಗುವ ಜಂಬಿಟ್ಟಿಗೆಯ, ಎಂದರೆ ಕಬ್ಬಿಣಾಂಶದಿಂದ ಕೆಂಪಾದ ಮಣ್ಣಿನ, ದಾರಿಗಳು ಬೇಸಗೆಯಲ್ಲಿ ಧೂಳೆಬ್ಬಿಸಿ ಸವಾರನ ಬಟ್ಟೆಯನ್ನೂ ಕುದುರೆಯ ಕಾಲನ್ನೂ ಒಂದೇ ಬಣ್ಣಕ್ಕೆ ತಿರುಗಿಸುತ್ತವೆ, ಮಳೆಗಾಲದಲ್ಲಿ ಕೊರೆದುಹೋಗುತ್ತವೆ. ಆದರೂ ಲಾಳ ಹೊಡೆದ ಗೊರಸಿಗೆ ನುಣುಪಾದ ಹಾಸುಗಲ್ಲಿಗಿಂತ ಮಣ್ಣೇ ಹಿತವಾದ್ದರಿಂದ, 2003ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಿತವಾದ ಈ ಬೆಟ್ಟದಲ್ಲಿ ದಾರಿಗಳ ದುರಸ್ತಿಯು ಪ್ರಾಣಿಯ ಕ್ಷೇಮವನ್ನೂ ಗಣಿಸಿಯೇ ನಡೆಯತಕ್ಕದ್ದು.