ಗುಡ್ಡದ ಮೇಲಿನ ಸಿಲೋನ್

ನಮ್ಮೂರಿನಲ್ಲಿ 'ಸಿಲೋನಿಗೆ ಹೋಗಿ ಬಂದೆ' ಎಂದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಅಡಿಕೆ ತೋಟ ಕಳೆದು, ತೋಡಿನ ಸಂಕ ದಾಟಿ, ಗುಡ್ಡ ಹತ್ತಿದರೆ ಸಿಲೋನ್. ಕಾಲು ಗಂಟೆಯ ದಾರಿ. 1981ರಲ್ಲಿ ಮದುವೆಯಾಗಿ ಸುಳ್ಯದ ಈ ಕಡೆಗೆ ಬಂದಾಗ ನನಗೆ ಇದನ್ನು ಕೇಳಿ ನಗು ಬಂದಿತ್ತು. ಅಲ್ಲಿಯವರೆಗೆ ನನ್ನ ಪಾಲಿಗೆ ಸಿಲೋನ್ ಎಂದರೆ ರೇಡಿಯೊ, ಬುಧವಾರ ರಾತ್ರಿಯ ಬಿನಾಕಾ ಗೀತಮಾಲಾ. ಇಲ್ಲಿ ನೋಡಿದರೆ ಸಿಲೋನ್ ಎಂದರೆ ಒಂದಕ್ಕೊಂದು ಅಂಟಿದ ಸಾಲುಮನೆಗಳು, ಸುತ್ತ ರಬ್ಬರ್ ಮರ, ಬೆಳಕು ಹರಿಯುವ ಮೊದಲೇ ಕತ್ತಿ, ಬಕೆಟ್ ಹಿಡಿದು ಹಾಲು ತೆಗೆಯಲು ಹೊರಡುವ ಹೆಂಗಸರು.

ಅವರು ಅಲ್ಲಿಗೆ ಹೇಗೆ ಬಂದರು ಎಂದು ನಾನು ಬಹಳ ವರ್ಷ ವಿಚಾರಿಸಿಯೇ ಇರಲಿಲ್ಲ. ನೆರೆಮನೆಯ ಸೊಸೆಯ ತವರು ಯಾವುದು, ಎಷ್ಟು ಪವನು ಹಾಕಿದರು ಎಂದೆಲ್ಲ ಗೊತ್ತಿರುವ ನಮಗೆ ಇದು ಗೊತ್ತಿರಲಿಲ್ಲ ಎಂದರೆ ನಾಚಿಕೆಯ ವಿಷಯವೇ.

ಅವರ ಹಿರಿಯರು 19ನೇ ಶತಮಾನದಲ್ಲಿ ಮದರಾಸು ಪ್ರಾಂತ್ಯದ ಬರದ ಹಳ್ಳಿಗಳಿಂದ ಬ್ರಿಟಿಷರ ಕಾಫಿ ತೋಟಗಳಿಗೆ ಹೋದವರು. ಕಂಗಾಣಿ ಎಂಬ ಮೇಸ್ತ್ರಿ ಮುಂಗಡ ಕೊಟ್ಟು ಕರೆದೊಯ್ಯುತ್ತಿದ್ದ. ಸಮುದ್ರ ದಾಟಿ ಮನ್ನಾರಿನ ಕಡೆ ಇಳಿದು, ಕಾಡಿನಲ್ಲಿ ನಡೆದು ಕ್ಯಾಂಡಿಯ ಬೆಟ್ಟ ಸೇರುವಷ್ಟರಲ್ಲಿ ಎಷ್ಟೋ ಮಂದಿ ದಾರಿಯಲ್ಲೇ ಸತ್ತರಂತೆ. 1869ರಲ್ಲಿ ಕಾಫಿಗೆ ಎಲೆರೋಗ ತಗಲಿತು, ಆ ಮೇಲೆ ಚಹಾ ಬಂತು. ಲೋಕವೆಲ್ಲ ಕುಡಿದ ಸಿಲೋನ್ ಟೀಯ ಚಿಗುರನ್ನು ಕೊಯ್ದವರು ಹೆಚ್ಚಾಗಿ ಈ ಹೆಂಗಸರು. ಮೂರು ನಾಲ್ಕು ತಲೆಮಾರು ಹಾಗೆ ಕಳೆಯಿತು.

1948ರಲ್ಲಿ ಸಿಲೋನಿಗೆ ಸ್ವಾತಂತ್ರ್ಯ ಬಂತು. ಅದೇ ವರ್ಷದ ಪೌರತ್ವ ಕಾಯಿದೆಯಿಂದ ಇವರಲ್ಲಿ ಹೆಚ್ಚಿನವರು ಯಾವ ದೇಶದವರೂ ಅಲ್ಲ ಎಂದಾಯಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿಯವರೂ ಸಿರಿಮಾವೊ ಬಂಡಾರನಾಯಕೆಯವರೂ ಒಂದು ಒಪ್ಪಂದ ಮಾಡಿಕೊಂಡರು. ಲೆಕ್ಕಕ್ಕೆ ಸಿಕ್ಕಿದ್ದು 9,75,000 ಜನ. ಅದರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ, ಉಳಿದ 1,50,000ದ ಮಾತು ಆಮೇಲೆ. ಹತ್ತು ವರ್ಷ ಕಳೆದು 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಅದನ್ನೂ ತಲಾ 75,000ದಂತೆ ಹಂಚಿಕೊಂಡರು. ನಮ್ಮ ಮನೆ ಪಾಲಾದಾಗ ಹಿತ್ತಾಳೆ ಪಾತ್ರೆ ಹಂಚಿದ್ದನ್ನು ನಾನು ನೋಡಿದ್ದೇನೆ. ಅದೂ ಇಷ್ಟು ಸರಿಯಾಗಿ ಅರ್ಧ ಆಗಿರಲಿಲ್ಲ!

ತಲೈಮನ್ನಾರಿನಿಂದ ಹಡಗಿನಲ್ಲಿ ರಾಮೇಶ್ವರ, ಮಂಡಪಂ ಶಿಬಿರ, ಅಲ್ಲಿಂದ ಕೆಲಸ ಇದ್ದ ಕಡೆಗೆ. ಕೆಲವರು ನೀಲಗಿರಿಯ ಚಹಾಕ್ಕೆ, ಕೆಲವರು ಕೇರಳದ ಪುನಲೂರಿನ ರಬ್ಬರಿಗೆ. ನಮ್ಮ ಸುಳ್ಯ, ಪುತ್ತೂರಿನ ಗುಡ್ಡಗಳಲ್ಲೂ ಅರಣ್ಯ ಅಭಿವೃದ್ಧಿ ನಿಗಮದವರು ರಬ್ಬರ್ ಹಾಕಿದರು. ಇಲ್ಲಿಗೂ ಕೆಲವರು ಬಂದರು. ಕಡಬ ಆಗ ಪುತ್ತೂರು ತಾಲೂಕಿನಲ್ಲೇ ಇತ್ತು. ಚಹಾ ಕೊಯ್ದ ಕೈಗಳು ಮರದ ತೊಗಟೆ ಕೆತ್ತಿ ಹಾಲು ಇಳಿಸುವುದನ್ನು ಕಲಿತವು. ಅಲ್ಲಿ 'ಇಂಡಿಯಾದವರು' ಎನಿಸಿಕೊಂಡವರು ಇಲ್ಲಿ ಬಂದು 'ಸಿಲೋನಿನವರು' ಆದರು.

ಇನ್ನು ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ನಮ್ಮತ್ತೆ ಮಡಿಯ ಹೆಂಗಸು. ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವ ಕ್ರಮ ಉಂಟಲ್ಲ, ಸಿಲೋನಿನವರು ತೆಂಗಿನ ಮಡಲಿಗೋ ಮಜ್ಜಿಗೆಗೋ ಬಂದರೆ ಅವರು ಅದನ್ನೂ ತಪ್ಪಿಸುತ್ತಿರಲಿಲ್ಲ. ಆದರೆ ಬೆಲ್ಲವನ್ನು ಬಾಳೆ ಎಲೆಯ ತುಂಡಿನಲ್ಲಿಟ್ಟು ಅಂಗಳದ ಬದಿಯಲ್ಲಿ ಇಡುವುದು, ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ಯುವುದು. ನನಗೆ ಮೈ ಉರಿಯುತ್ತಿತ್ತು. ನಾನು ಬಿ.ಎ. ಓದಿದವಳು, ಮಹಿಳಾ ಮಂಡಲದಲ್ಲಿ ಸಮಾನತೆಯ ಮೇಲೆ ಭಾಷಣ ಮಾಡಿದವಳು. ಅತ್ತೆ ಇಲ್ಲದ ಹೊತ್ತಿನಲ್ಲಿ ಅವರನ್ನು ಜಗಲಿಯಲ್ಲಿ ಕೂರಿಸಿ ಸ್ಟೀಲ್ ಲೋಟದಲ್ಲಿ ಕಾಫಿ ಕೊಡುತ್ತಿದ್ದೆ. ಕೊಟ್ಟು, ನನ್ನ ಬಗ್ಗೆ ನಾನೇ ಮೆಚ್ಚಿಕೊಳ್ಳುತ್ತಿದ್ದೆ.

1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಗೆಜೆಟ್ಟಿನಲ್ಲಿ ಬಂತು. ಬೆಂಗಳೂರಿನಲ್ಲಿ ತಮಿಳರ ಮೇಲೆ ಕೈ ಮಾಡಿದರು. ಮನೆ, ಅಂಗಡಿಗಳು ಸುಟ್ಟವು, ಜನ ಸತ್ತರು, ಸಾವಿರಾರು ಮಂದಿ ಊರು ಬಿಟ್ಟರು. ನಮ್ಮದು ಪಯಸ್ವಿನಿ, ಕುಮಾರಧಾರೆಯ ಸೀಮೆ. ಕಾವೇರಿಯ ಒಂದು ಹನಿಯೂ ನಮ್ಮ ತೋಟಕ್ಕೆ ಬರುವುದಿಲ್ಲ. ಆದರೂ ಪೇಟೆಯ ಅಂಗಡಿ ಜಗಲಿಯಲ್ಲಿ ಪೇಪರ್ ಓದುತ್ತ ಒಂದಿಬ್ಬರು ಗುಡ್ಡದ ಕಡೆ ಕೈ ತೋರಿಸಿ ಮಾತಾಡಿದರಂತೆ. ಮಾತು ಮೇಲೆ ಮುಟ್ಟಿತು. ಆಗುವುದು ಏನೂ ಇರಲಿಲ್ಲ, ಆಗಲೂ ಇಲ್ಲ. ಆದರೆ 1983ರ ಜುಲೈಯಲ್ಲಿ ಅಲ್ಲೇ ಉಳಿದಿದ್ದ ತಮ್ಮವರ ಮನೆಗಳಿಗೆ ಬೆಂಕಿ ಬಿದ್ದದ್ದನ್ನು ಕೇಳಿ ಬಲ್ಲ ಜನ ಅವರು. ಮಾರನೆಯ ದಿನ ಯಾರೂ ಕೆಳಗಿಳಿಯಲಿಲ್ಲ. ಮಕ್ಕಳೂ ಶಾಲೆಗೆ ಬರಲಿಲ್ಲ.

ಅದರ ಮರುದಿನ ಬೆಳಿಗ್ಗೆ ಅತ್ತೆ ಕಾಣಲಿಲ್ಲ. ನೋಡಿದರೆ ತೋಡಿನ ಸಂಕದ ಮೇಲೆ ಬರುತ್ತಿದ್ದಾರೆ, ಕಂಕುಳಲ್ಲಿ ಕೊಡೆ, ಹಿಂದೆ ಸಾಲಾಗಿ ಏಳೆಂಟು ಮಕ್ಕಳು. ಆಗ ಅವರಿಗೆ ಎಪ್ಪತ್ತರ ಹತ್ತಿರ. ಮಕ್ಕಳನ್ನು ಪೇಟೆಯ ನಡುವಿನಿಂದಲೇ ನಡೆಸಿಕೊಂಡು ಹೋಗಿ ಶಾಲೆಯ ಮೆಟ್ಟಿಲು ಹತ್ತಿಸಿ ಬಂದರು. ಸಂಜೆ ಮತ್ತೆ ಹೋದರು. ನಾಲ್ಕು ದಿನ ಹೀಗೆ.

"ನಿಮಗೆ ಇದೆಲ್ಲ ಯಾರು ಹೇಳಿದ್ದಮ್ಮ?" ಎಂದು ನಮ್ಮವರು ಸ್ವಲ್ಪ ಸಿಟ್ಟಿನಿಂದಲೇ ಕೇಳಿದರು.

"ಹೇಳುವುದೆಂಥದು? ಮಕ್ಕಳಿಗೆ ಪರೀಕ್ಷೆ ಅಲ್ವಾ?" ಎಂದರು. ಎಂದವರು ನೇರ ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡೇ ಒಳಗೆ ಬಂದರು. ಮಕ್ಕಳನ್ನು ಮುಟ್ಟಿದ ಮೈಲಿಗೆ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇವತ್ತಿಗೂ ಅವರನ್ನು ಯಾವ ಪಟ್ಟಿಗೆ ಸೇರಿಸಬೇಕೆಂದು ನನಗೆ ಗೊತ್ತಿಲ್ಲ.

ನನ್ನನ್ನು ಯಾವ ಪಟ್ಟಿಗೆ ಸೇರಿಸಬೇಕೆಂಬುದು ಮಾತ್ರ ಮುಂದಿನ ಬೇಸಿಗೆಯಲ್ಲಿ ಗೊತ್ತಾಯಿತು. ಆ ಮಕ್ಕಳಲ್ಲಿ ದೊಡ್ಡವಳು ಹತ್ತನೇ ತರಗತಿ ಪಾಸಾದಳು. ಪೇಟೆಯ ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗಬೇಕಾದರೆ ಜಾತಿ ಸರ್ಟಿಫಿಕೇಟು ಬೇಕು. ಶಾಲೆಯ ಪುಸ್ತಕದಲ್ಲಿ ಜಾತಿ ಎಂಬಲ್ಲಿ ಯಾರೋ 'ತಮಿಳು' ಎಂದು ಬರೆದಿದ್ದರು. ಅದು ಭಾಷೆ, ಜಾತಿಯಲ್ಲ ಎಂದು ವಿವರಿಸಿ, ಹಡಗಿನ ಕಾಲದ ಕಾಗದಗಳ ನಕಲು ಇಟ್ಟು ಒಂದು ಅರ್ಜಿ ಬರೆಯಬೇಕು. ತಾಯಿಗೆ ತುಳು ಚೆನ್ನಾಗಿ ಬರುತ್ತಿತ್ತು, ಕನ್ನಡ ಬರೆಯಲು ಬರುತ್ತಿರಲಿಲ್ಲ. ನನ್ನ ಹತ್ತಿರ ಬಂದಳು. "ಅಮ್ಮಾ, ಒಂದು ಕಾಗದ."

ಮೊದಲ ಸಲ ಮನೆಯಲ್ಲಿ ನೆಂಟರಿದ್ದರು. ಎರಡನೆಯ ಸಲ ಹಪ್ಪಳದ ಗಡಿಬಿಡಿ. ಮೂರನೆಯ ಸಲ ನಿಜವಾಗಿ ಏನೂ ಇರಲಿಲ್ಲ. 'ಇವರಿಗೆ ಕಾಗದ ಪತ್ರ ಆದರೆ ನಾಳೆ ಜಾಗವನ್ನೂ ಕೇಳುತ್ತಾರೆ' ಎಂದು ಹಿಂದಿನ ದಿನ ಯಾರೋ ಆಡಿದ್ದು ಕಿವಿಯಲ್ಲಿತ್ತು, ಅಷ್ಟೇ. ನನ್ನ ಅಕ್ಷರ ಕಚೇರಿಯಲ್ಲಿ ಗುರುತು ಸಿಕ್ಕಿದರೆ? ಕಾಫಿ ಕೊಟ್ಟು, "ನಾಡಿದ್ದು ಬಾ, ಖಂಡಿತ ಬರೆದು ಕೊಡ್ತೇನೆ" ಎಂದೆ. ಆಕೆ ಕುಡಿದ ಲೋಟವನ್ನು ತೊಳೆದು ಕವುಚಿ ಹಾಕಿ ಹೋದಳು.

ನಾಡಿದ್ದು ಬರೆದೆ. ಎರಡು ಪುಟ, ಒಳ್ಳೆಯ ಕನ್ನಡದಲ್ಲಿ. ಹಾಸ್ಟೆಲಿಗೆ ಅರ್ಜಿ ಕೊಡುವ ದಿನ ಅದರ ಹಿಂದಿನ ದಿನಕ್ಕೇ ಮುಗಿದಿತ್ತು. ಹುಡುಗಿ ಆ ಮಳೆಗಾಲ ಕಳೆದ ಮೇಲೆ ತಾಯಿಯ ಜೊತೆ ಬಕೆಟ್ ಹಿಡಿದು ಗುಡ್ಡಕ್ಕೆ ಹೊರಟಳು. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅತ್ತೆ ಮಾತ್ರ ಒಂದು ದಿನ ಅಡಿಕೆ ಸುಲಿಯುತ್ತ, "ನನಗೆ ಬರೆಯಲು ಬರುತ್ತಿದ್ದರೆ" ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದರು.

ಈಗ ಅತ್ತೆ ಇಲ್ಲ. ಹಡಗು ನಿಂತದ್ದು 1984ರಲ್ಲಿ. ಅದರಲ್ಲಿ ಬಂದ ಹಿರಿಯರಲ್ಲಿ ಹೆಚ್ಚಿನವರೂ ಇಲ್ಲ. ಕಡಬ 2018ರಲ್ಲಿ ಬೇರೆ ತಾಲೂಕಾಯಿತು. ಸಿಲೋನ್ ದೇಶವೇ 1972ರಲ್ಲಿ ಶ್ರೀಲಂಕಾ ಆಗಿದೆ, ಗುಡ್ಡದ ಮೇಲೆ ಮಾತ್ರ ಹಳೆಯ ಹೆಸರು ಉಳಿದಿದೆ.

ಕೆಲವು ವರ್ಷದ ಹಿಂದೆ ಅದೇ ಹುಡುಗಿ, ಈಗ ನರೆಗೂದಲಿನ ಹೆಂಗಸು, ತನ್ನ ಮಗಳ ಕಾಲೇಜಿನ ಅರ್ಜಿ ಹಿಡಿದು ಅಂಗಳಕ್ಕೆ ಬಂದಳು. ನಾನು ಕನ್ನಡಕ, ಪೆನ್ನು ಹುಡುಕಲು ಎದ್ದೆ.

"ಬೇಡ ಅಮ್ಮಾ, ನಾನೇ ತುಂಬಿಸಿದ್ದೇನೆ. ತಪ್ಪು ಉಂಟಾ ಅಂತ ನೋಡಿ, ಸಾಕು" ಎಂದಳು.

ದುಂಡಗಿನ ಅಕ್ಷರ. ಒಂದು ಕಡೆ ಒತ್ತು ಬಿಟ್ಟುಹೋಗಿತ್ತು. ತೋರಿಸಿದೆ, ತನ್ನದೇ ಪೆನ್ನಿನಿಂದ ತಿದ್ದಿಕೊಂಡಳು. ಕಾಫಿ ಮಾಡಲೇ ಎಂದದ್ದಕ್ಕೆ ಬಸ್ಸಿಗೆ ಹೊತ್ತಾಯಿತು ಎಂದಳು. ಒಳಗೆ ಹೋಗಿ ಬೆಲ್ಲ, ನೀರು ತಂದೆ. ನಿಂತುಕೊಂಡೇ ಕುಡಿದಳು.