ಹೈಬ್ರಿಡ್ ಕಾರುಗಳ ಬ್ಯಾಟರಿ ಹಾಗೂ ಚಾಲನಾ ವ್ಯವಸ್ಥೆಯ ದೋಷಗಳು: ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ವಾಹನ ಮಾಲೀಕರಿಗೆ ಮಾಹಿತಿ

ಪೆಟ್ರೋಲ್ ಎಂಜಿನ್ ಹಾಗೂ ವಿದ್ಯುತ್ ಮೋಟಾರು ಎರಡನ್ನೂ ಬಳಸಿ ಚಲಿಸುವ ವಾಹನವನ್ನು ಹೈಬ್ರಿಡ್ ಕಾರು ಎನ್ನಲಾಗುತ್ತದೆ. ಭಾರತದಲ್ಲಿ 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ ಆಮದು ವಾಹನವಾಗಿ ಮಾರಾಟಕ್ಕೆ ಬಂದಿತು. 2013ರಲ್ಲಿ ರಾಮನಗರದ ಬಳಿಯ ಬಿಡದಿಯಲ್ಲಿ ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ತಯಾರಿಕೆ ಆರಂಭವಾಯಿತು. 2022ರಲ್ಲಿ ಅದೇ ಬಿಡದಿಯಿಂದ ಅರ್ಬನ್ ಕ್ರೂಸರ್ ಹೈರೈಡರ್ ಹಾಗೂ ಇನ್ನೋವಾ ಹೈಕ್ರಾಸ್ ಮಾದರಿಗಳು ಹೊರಬಂದ ಮೇಲೆ ಈ ತಂತ್ರಜ್ಞಾನವು ಜಿಲ್ಲಾ ಕೇಂದ್ರ ಹಾಗೂ ತಾಲ್ಲೂಕು ಸ್ಥಳಗಳ ಕುಟುಂಬಗಳ ಕೈಗೂ ಎಟುಕುವಂತಾಯಿತು. ಆದರೆ ದುರಸ್ತಿ ಸೌಲಭ್ಯವು ಬಹುಮಟ್ಟಿಗೆ ಹುಬ್ಬಳ್ಳಿಯಂತಹ ನಗರಗಳಲ್ಲಿಯೇ ಇರುವುದರಿಂದ, ದೋಷ ಕಂಡಾಗ ಏನು ಮಾಡತಕ್ಕದ್ದೆಂಬುದನ್ನು ಮಾಲೀಕರು ಮೊದಲೇ ಅರಿತಿರುವುದು ಅವಶ್ಯಕ.

ಎರಡು ಬ್ಯಾಟರಿಗಳು

ಹೈಬ್ರಿಡ್ ಕಾರಿನಲ್ಲಿ ಎರಡು ಬ್ಯಾಟರಿಗಳಿರುತ್ತವೆ. ಒಂದು, ಎಲ್ಲ ಕಾರುಗಳಲ್ಲಿರುವ 12 ವೋಲ್ಟ್ ಬ್ಯಾಟರಿ. ಇನ್ನೊಂದು, ಮೋಟಾರನ್ನು ನಡೆಸುವ ಅಧಿಕ ವೋಲ್ಟೇಜಿನ ಬ್ಯಾಟರಿ. ವಾಹನ ಚಾಲೂ ಆಗದಿದ್ದಾಗ ದೊಡ್ಡ ಬ್ಯಾಟರಿಯೇ ಕೆಟ್ಟಿತೆಂದು ಭಾವಿಸುವುದು ಸಾಮಾನ್ಯ. ಆದರೆ ಬಹಳ ದಿನ ನಿಲ್ಲಿಸಿದ ಕಾರಿನಲ್ಲಿ 12 ವೋಲ್ಟ್ ಬ್ಯಾಟರಿ ಇಳಿದುಹೋದರೂ ಇದೇ ಲಕ್ಷಣ ಕಾಣುತ್ತದೆ. ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸದೆ ದೊಡ್ಡ ಬ್ಯಾಟರಿಯ ಬದಲಾವಣೆಗೆ ಒಪ್ಪಿಗೆ ನೀಡಬಾರದು.

ದೊಡ್ಡ ಬ್ಯಾಟರಿಯು ಅನೇಕ ಕೋಶಗಳ ಸರಣಿಯಾಗಿದೆ. ಉದಾಹರಣೆಗೆ, ಇನ್ನೋವಾ ಹೈಕ್ರಾಸ್‌ನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯಲ್ಲಿ 168 ಕೋಶಗಳಿವೆ. ಸರಣಿಯಲ್ಲಿನ ಕೆಲವು ಕೋಶಗಳು ದುರ್ಬಲಗೊಂಡರೆ ಇಡೀ ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತದೆ. ಎಂಜಿನ್ ಪದೇ ಪದೇ ಚಾಲೂ ಆಗುವುದು, ಇಂಧನ ಮಿತವ್ಯಯ ಇಳಿಯುವುದು, ಎಚ್ಚರಿಕೆ ದೀಪ ಬೆಳಗುವುದು ಇದರ ಲಕ್ಷಣಗಳು. ಕೋಶಗಳಿಗೆ ಶಾಖವೇ ಮುಖ್ಯ ಶತ್ರು. ಗಾಳಿಯಿಂದ ತಂಪಾಗುವ ಬ್ಯಾಟರಿಗಳಿಗೆ ಕಾರಿನ ಒಳಗಿನ ಗಾಳಿಯನ್ನೇ ಫ್ಯಾನು ಎಳೆದು ಹಾಯಿಸುತ್ತದೆ. ಮಾದರಿಗೆ ಅನುಗುಣವಾಗಿ ಆಸನದ ಕೆಳಗೆ ಅಥವಾ ಪಕ್ಕದಲ್ಲಿರುವ ಈ ಗಾಳಿ ಕಿಂಡಿಯು ಎರೆ ಭೂಮಿಯ ಸೀಮೆಯಲ್ಲಿ ಬೇಸಿಗೆಯ ಧೂಳಿನಿಂದ ಬೇಗನೆ ಕಟ್ಟಿಕೊಳ್ಳಬಹುದು. ಹತ್ತಿಯ ಗಂಟು, ಮೆಣಸಿನಕಾಯಿ ಚೀಲಗಳನ್ನು ಕಿಂಡಿಗೆ ಅಡ್ಡಲಾಗಿ ಇಡುವ ರೂಢಿಯೂ ಹಾನಿಕರ. ಮಾರಾಟಗಾರರು ಇದನ್ನು ತಿಳಿಸುವುದು ವಿರಳ. ಪ್ರತಿ ಸರ್ವಿಸಿನಲ್ಲಿ ಕಿಂಡಿಯ ಜಾಲರಿಯನ್ನು ಶುಚಿಗೊಳಿಸಲು ಕೇಳಿ, ಅದು ಜಾಬ್ ಕಾರ್ಡಿನಲ್ಲಿ ನಮೂದಾಗುವಂತೆ ನೋಡಿಕೊಳ್ಳತಕ್ಕದ್ದು.

ಚಲಿಸುವಾಗ ಶಕ್ತಿ ನಷ್ಟ

ಬ್ಯಾಟರಿಗಿಂತ ಅಪಾಯಕಾರಿಯಾದದ್ದು ಚಾಲನಾ ವ್ಯವಸ್ಥೆಯ ದೋಷ. ಅಮೆರಿಕದಲ್ಲಿ ಟೊಯೋಟಾ ಪ್ರಿಯಸ್ ಕಾರುಗಳು ಓಡುತ್ತಿರುವಾಗಲೇ ನಿಂತುಹೋಗುತ್ತವೆಂದು ಮಾಲೀಕರು ದೂರು ನೀಡಿದ್ದರಿಂದ 2005ರಲ್ಲಿ ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ತನಿಖೆ ಕೈಗೊಂಡಿತು. ಅದೇ ವರ್ಷ ಸುಮಾರು 75,000 ಕಾರುಗಳ ತಂತ್ರಾಂಶ ಸರಿಪಡಿಸಲಾಯಿತು. 2014ರಲ್ಲಿ ಇನ್ವರ್ಟರಿನ ಟ್ರಾನ್ಸಿಸ್ಟರುಗಳು ಅತಿಯಾಗಿ ಕಾಯುವ ಕಾರಣಕ್ಕೆ ವಿಶ್ವದಾದ್ಯಂತ ಸುಮಾರು 19 ಲಕ್ಷ ಪ್ರಿಯಸ್ ಕಾರುಗಳನ್ನು ಹಿಂಪಡೆಯಲಾಯಿತು. 2018ರಲ್ಲಿ ಸುಮಾರು 24 ಲಕ್ಷ ಹೈಬ್ರಿಡ್ ಕಾರುಗಳ ಹಿಂಪಡೆಯುವಿಕೆ ನಡೆದು, ಮೊದಲೇ ದುರಸ್ತಿಯಾಗಿದ್ದ ಕಾರುಗಳೂ ಅದರಲ್ಲಿ ಸೇರಿದ್ದವು. ಒಮ್ಮೆ ಸರಿಪಡಿಸಿದ ದೋಷ ಮರುಕಳಿಸಿದರೆ ಅದನ್ನು ಹೊಸ ದೂರಾಗಿಯೇ ದಾಖಲಿಸಬೇಕೆಂಬುದಕ್ಕೆ ಇದು ಸಾಕು.

ನರಗುಂದದ ಮೂಲಕ ಹಾಯುವ ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯಂತಹ ರಸ್ತೆಯಲ್ಲಿ ಶಕ್ತಿ ಕುಗ್ಗಿದರೆ, ಅಪಾಯ ಸೂಚಕ ದೀಪಗಳನ್ನು ಹಾಕಿ ವಾಹನವನ್ನು ಎಡಬದಿಗೆ ಒಯ್ಯಬೇಕು. ಡ್ಯಾಶ್‌ಬೋರ್ಡಿನ ಸಂದೇಶದ ಛಾಯಾಚಿತ್ರ ತೆಗೆದು, ಓಡಿದ ಕಿಲೋಮೀಟರ್, ಸ್ಥಳ, ವೇಳೆಯನ್ನು ಬರೆದಿಡತಕ್ಕದ್ದು. ಕಿತ್ತಳೆ ಬಣ್ಣದ ತಂತಿಗಳು ಅಧಿಕ ವೋಲ್ಟೇಜಿನವು. ತರಬೇತಿ ಇಲ್ಲದ ಮೆಕ್ಯಾನಿಕ್‌ಗಳು ಅವುಗಳನ್ನು ಮುಟ್ಟಕೂಡದು. 2019ರ ಆಗಸ್ಟಿನಲ್ಲಿ ಮಲಪ್ರಭಾ ಪ್ರವಾಹವು ಕೊಣ್ಣೂರು, ಹೊಳೆಆಲೂರು ಭಾಗಗಳನ್ನು ಆವರಿಸಿತ್ತು. ಅಂತಹ ಸಂದರ್ಭದಲ್ಲಿ ನೀರಿನಲ್ಲಿ ಮುಳುಗಿದ ಹೈಬ್ರಿಡ್ ಕಾರನ್ನು ಒಣಗಿದ ಮೇಲೆಯೂ ಚಾಲೂ ಮಾಡದೆ, ಎತ್ತಿ ಸಾಗಿಸುವ ವಾಹನದಲ್ಲಿ ಸೇವಾ ಕೇಂದ್ರಕ್ಕೆ ಕಳುಹಿಸಬೇಕು.

ವಾರಂಟಿ ಮತ್ತು ದೂರು

ಬಿಡದಿಯಲ್ಲಿ ತಯಾರಾಗುವ ಮೇಲ್ಕಂಡ 2022ರ ಮಾದರಿಗಳ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಘೋಷಿಸಲಾಗಿದೆ. ಸಾಮರ್ಥ್ಯ ಎಷ್ಟು ಕುಗ್ಗಿದರೆ ಅದನ್ನು ದೋಷವೆಂದು ಪರಿಗಣಿಸಲಾಗುತ್ತದೆ ಎಂಬುದನ್ನು ಖರೀದಿಗೆ ಮುನ್ನವೇ ಲಿಖಿತವಾಗಿ ಕೇಳುವುದು ಒಳಿತು. ಏಕೆಂದರೆ ಅಮೆರಿಕದಲ್ಲಿ 2010ರಲ್ಲಿ ಸಿವಿಕ್ ಹೈಬ್ರಿಡ್ ಕಾರುಗಳ ಬ್ಯಾಟರಿ ಬಾಳಿಕೆಗಾಗಿ ತಂತ್ರಾಂಶ ಬದಲಾಯಿಸಿದಾಗ ಮೈಲೇಜ್ ಇಳಿಯಿತೆಂದು ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಿಂದ ಸೇರಿದ 110ಎ ಪ್ರಕರಣದನ್ವಯ, ಚಾಲಕರು, ಪ್ರಯಾಣಿಕರು, ಇತರ ರಸ್ತೆ ಬಳಕೆದಾರರು ಅಥವಾ ಪರಿಸರಕ್ಕೆ ಹಾನಿಯಾಗಬಹುದಾದ ದೋಷವಿದ್ದರೆ ವಾಹನ ಹಿಂಪಡೆಯಲು ಕೇಂದ್ರ ಸರ್ಕಾರ ಆದೇಶಿಸಬಹುದು. 1-4-2021ರಿಂದ ಜಾರಿಯಾದ ನಿಯಮಗಳು 7 ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತವೆ. ದೂರುಗಳ ಸಂಖ್ಯೆ ನಿಗದಿತ ಮಟ್ಟ ತಲುಪಿದಾಗಲೇ ಪರಿಶೀಲನೆ ಆರಂಭವಾಗುವುದರಿಂದ, ಗಜೇಂದ್ರಗಡದ ಒಬ್ಬ ಮಾಲೀಕರು ಸುಮ್ಮನಿದ್ದರೆ ಆ ಲೆಕ್ಕದಲ್ಲಿ ಒಂದು ಕಡಿಮೆಯಾಗುತ್ತದೆ. ಆದುದರಿಂದ ಸೇವಾ ಕೇಂದ್ರಕ್ಕೆ ಬಾಯಿಮಾತಿನಲ್ಲಿ ತಿಳಿಸಿದರಷ್ಟೇ ಸಾಲದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವಾಹನ ಹಿಂಪಡೆಯುವಿಕೆ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಸಹಿತ ದಾಖಲಿಸತಕ್ಕದ್ದು.

ಮೈಲೇಜ್ ಇಳಿಕೆ, ವಾರಂಟಿ ನಿರಾಕರಣೆಯಂತಹ ವಿಷಯಗಳು ಗ್ರಾಹಕರ ಆಯೋಗದ ವ್ಯಾಪ್ತಿಗೆ ಬರುತ್ತವೆ. ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರನ್ವಯ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಕಾರನ್ನು ಹುಬ್ಬಳ್ಳಿಯಲ್ಲಿ ಕೊಂಡಿದ್ದರೂ, ಕಂಪನಿ ಬೆಂಗಳೂರಿನಲ್ಲಿದ್ದರೂ ಗದಗ ಜಿಲ್ಲಾ ಆಯೋಗವೇ ಸಾಕು. ಪಾವತಿಸಿದ ಬೆಲೆ 50 ಲಕ್ಷ ರೂಪಾಯಿ ಮೀರಿರಬಾರದು. 10ರಿಂದ 20 ಲಕ್ಷದವರೆಗಿನ ವಾಹನಕ್ಕೆ ಶುಲ್ಕ 400 ರೂಪಾಯಿ, 20ರಿಂದ 50 ಲಕ್ಷದವರೆಗೆ 1,000 ರೂಪಾಯಿ. ವ್ಯಾಜ್ಯಕ್ಕೆ ಕಾರಣ ಉಂಟಾದ 2 ವರ್ಷದೊಳಗೆ ದೂರು ಸಲ್ಲಿಸತಕ್ಕದ್ದು. ಇಂದು ನಾಳೆ ಎನ್ನುವ ಭರವಸೆಗಳಲ್ಲಿ ಈ ಅವಧಿ ಮೀರದಂತೆ ಎಚ್ಚರ ವಹಿಸಬೇಕು. ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ ಮೊದಲು ಸಲಹೆ ಪಡೆಯಬಹುದು. ದೂರಿನೊಂದಿಗೆ ಖರೀದಿ ರಸೀದಿ, ವಾರಂಟಿ ಪುಸ್ತಕ, ಎಲ್ಲ ಜಾಬ್ ಕಾರ್ಡುಗಳು ಹಾಗೂ ಸೇವಾ ಕೇಂದ್ರದ ಯಂತ್ರದಲ್ಲಿ ಕಂಡ ದೋಷ ಸಂಕೇತಗಳ ಮುದ್ರಿತ ಪ್ರತಿಯನ್ನು ಲಗತ್ತಿಸಬೇಕು. ಸಂಕೇತಗಳನ್ನು ಅಳಿಸಿಹಾಕುವ ಮೊದಲೇ ಸದರಿ ಪ್ರತಿಯನ್ನು ಕೇಳಿ ಪಡೆಯತಕ್ಕದ್ದು.